ಜೋಳಿಗೆಗೆ ಹಾಕಿದ ಖಾರ

ಗಂಡಸರು ಏನೇನಕ್ಕೋ ಹೆದರುತ್ತಾರೆ. ಕೆಲವರು ಹಾವಿಗೆ, ಕೆಲವರು ಮೇಲಧಿಕಾರಿಗೆ, ಕೆಲವರು ಹಬ್ಬಕ್ಕೆ ಮೊದಲೇ ಬಂದು ಹಬ್ಬ ಮುಗಿದ ಮೇಲೂ ಉಳಿಯುವ ಭಾವಮೈದುನರಿಗೆ. ನಾನು ಹೆದರುವುದು ಬಿಕ್ಕಳಿಕೆಗೆ. ನಗಬೇಡಿ. ನಿಮಗೆ ಬಿಕ್ಕಳಿಕೆ ಬಂದರೆ ಎರಡು ಗುಟುಕು ನೀರು ಕುಡಿದು ಸುಮ್ಮನಾಗುತ್ತೀರಿ. ನನಗೆ ಬಂದರೆ ಮನೆಯಲ್ಲಿ ಕೋರ್ಟು ಕೂಡುತ್ತದೆ. ಸಾಕ್ಷಿಗೆ ಪಕ್ಕದ ಮನೆಯ ಹೀರಾಬಾಯಿ ಬರುತ್ತಾಳೆ. ತೀರ್ಪು ಕೊಡುವವಳು ನನ್ನ ಧರ್ಮಪತ್ನಿ ಕಸ್ತೂರಿಬಾಯಿ. ಆ ಕೋರ್ಟಿನಲ್ಲಿ ಆರೋಪಿ ವಕೀಲರನ್ನು ಇಟ್ಟುಕೊಳ್ಳುವ ಪದ್ಧತಿ ಇಲ್ಲ.

ನನ್ನ ಹೆಸರು ಶಾಂತಲಿಂಗಪ್ಪ. ಆಳಂದದ ಬಿತ್ತನೆ ಬೀಜದ ಗೋದಾಮಿನಲ್ಲಿ ಗುಮಾಸ್ತ. ಹೆಸರಿನಲ್ಲಿ ಎಷ್ಟೇ ಶಾಂತಿ ಇದ್ದರೂ ನನ್ನ ನಾಲಿಗೆಗೆ ಅದು ಎಂದೂ ಬೇಕಾಗಿಲ್ಲ, ಅದಕ್ಕೆ ಬೇಕಾದದ್ದು ಖಾರ. ಬಿಸಿ ಜೋಳದ ರೊಟ್ಟಿ, ಎಣ್ಣೆಯಲ್ಲಿ ಮುಳುಗಿದ ಬದನೆಕಾಯಿ ಎಣ್ಣೆಗಾಯಿ, ಬದಿಗೆ ಅರೆದ ಕೆಂಪು ಖಾರದ ಒಂದು ಮುದ್ದೆ. ಮೊದಲ ತುತ್ತಿಗೆ ಕಿವಿ ಬೆಚ್ಚಗಾಗಬೇಕು, ಎರಡನೆಯದಕ್ಕೆ ಮೂಗು ಸುರಿಯಬೇಕು, ಮೂರನೆಯದಕ್ಕೆ ನೆತ್ತಿಯ ಕೂದಲು (ಆಗ ಇದ್ದವು) ಎದ್ದು ನಿಂತು ಶರಣು ಅನ್ನಬೇಕು. ಉಪ್ಪು ತಿಂದವನು ನೀರು ಕುಡಿಯಬೇಕು ಎಂದು ಹಿರಿಯರು ಹೇಳುತ್ತಾರೆ. ಖಾರ ತಿಂದವನು ಇನ್ನೊಂದು ರೊಟ್ಟಿ ತಿನ್ನಬೇಕು ಎಂದು ನಾನು ಹೇಳುತ್ತೇನೆ.

ಕಸ್ತೂರಿಯೂ ಇದರಲ್ಲಿ ಕಡಿಮೆಯವಳಲ್ಲ. ಕರಜಗಿಯ ಹೆಣ್ಣುಮಗಳು. ಮದುವೆಯಾದ ಹೊಸತರಲ್ಲಿ ಆಕೆ ಒಳಕಲ್ಲಿನಲ್ಲಿ ಮೆಣಸಿನಕಾಯಿ ಕುಟ್ಟಿದರೆ ಓಣಿಯ ನಾಯಿಗಳು ಸಾಲಾಗಿ ಸೀನುತ್ತಿದ್ದವು. ಇಂಥ ಮನೆಯಲ್ಲಿ ಸುಖವಾಗಿ ಉಂಡುಕೊಂಡಿದ್ದ ನನಗೆ ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಹೊಟ್ಟೆನೋವು ಬಂತು. ಡಾಕ್ಟರ ಬುರಾನುದ್ದೀನರು ಕಲ್ಲಂಗಡಿ ಹಣ್ಣು ಕೊಳ್ಳುವವರ ಹಾಗೆ ನನ್ನ ಹೊಟ್ಟೆಯನ್ನು ತಟ್ಟಿ ನೋಡಿದರು.

"ಹುಣ್ಣಾಗ್ಯಾದ್ರಿ ಶಾಂತಲಿಂಗಪ್ಪನವರ. ಖಾರ ಬಂದ್."

"ಎಷ್ಟ ದಿನ್ರಿ ಡಾಕ್ಟರ್ ಸಾಹೇಬ್ರ?"

"ಎಷ್ಟ ದಿನಾ ಬದುಕಬೇಕಂತೀರಿ, ಅಷ್ಟ ದಿನಾ."

ನಾನೊಬ್ಬನೇ ಹೋಗಿದ್ದರೆ ಈ ಮಾತು ಅಲ್ಲೇ ಮುಗಿಯುತ್ತಿತ್ತು. ಆದರೆ ಕಸ್ತೂರಿ ಜೊತೆಗೆ ಬಂದಿದ್ದಳು. ಮನೆಗೆ ಬಂದವಳೇ ಮೆಣಸಿನಪುಡಿಯ ಡಬ್ಬಿಯನ್ನು ಹೀರಾಬಾಯಿಗೆ ದಾನ ಮಾಡಿದಳು. ನಾನು ಗೋದಾಮಿನಲ್ಲಿ ಕದ್ದು ಮಿರ್ಚಿ ತಿಂದದ್ದು ಎರಡು ಸಲ ಸಿಕ್ಕಿಬಿದ್ದ ಮೇಲೆ ಆಕೆ ಬ್ರಹ್ಮಾಸ್ತ್ರವನ್ನೇ ತೆಗೆದಳು.

ಆ ದಿನಗಳಲ್ಲಿ ನಮ್ಮ ಕಡೆಯ ಮಠದ ಒಬ್ಬ ಅಪ್ಪಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದರು. ಅವರು ಕೇಳುತ್ತಿದ್ದದ್ದು ಜೋಳವನ್ನಲ್ಲ, ರೊಕ್ಕವನ್ನೂ ಅಲ್ಲ. "ನಿಮ್ಮ ಚಟಾ ನನಗ ಕೊಡ್ರಿ" ಎನ್ನುತ್ತಿದ್ದರು. ಬೀಡಿ ಸೇದುವವನು ಬೀಡಿಯ ಕಟ್ಟು, ತಂಬಾಕಿನವನು ತಂಬಾಕಿನ ಸಂಚಿ ಜೋಳಿಗೆಗೆ ಹಾಕಿ, ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಬೇಕು. ಒಮ್ಮೆ ಹಾಕಿದ ಮೇಲೆ ಅದು ಸ್ವಾಮಿಗಳ ಆಸ್ತಿ. ತಿರುಗಿ ಮುಟ್ಟಿದರೆ ಜೋಳಿಗೆಗೆ ಕೈ ಹಾಕಿ ಕದ್ದ ಹಾಗೆ. ಅವರು ನಮ್ಮ ಓಣಿಗೆ ಬಂದ ದಿನ ನಾನು, ನಿರ್ವ್ಯಸನಿ, ಕೈಕಟ್ಟಿ ನಿಂತು ಕುಡುಕರ ಪಶ್ಚಾತ್ತಾಪವನ್ನು ಸಂತೋಷದಿಂದ ನೋಡುತ್ತಿದ್ದೆ. ಕಸ್ತೂರಿ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಒಣಮೆಣಸಿನಕಾಯಿ ನನ್ನ ಕೈಗಿಟ್ಟಳು.

"ಇದೇನವ್ವಾ?" ಎಂದರು ಅಪ್ಪಗಳು.

"ಇದು ಇವರ ಚಟಾರಿ ಅಪ್ಪಾವರ. ಡಾಕ್ಟರು ಸಾಯ್ತೀ ಅಂದ್ರೂ ಬಿಡವಲ್ರು."

ಅಪ್ಪಗಳು ನಕ್ಕರು. ಓಣಿಗೆ ಓಣಿಯೇ ನಕ್ಕಿತು. ಈಗಷ್ಟೇ ಬಾಟಲಿ ಬಿಟ್ಟವನು ನನ್ನ ಕಡೆ ಕನಿಕರದಿಂದ ನೋಡಿದ. ಹಾಕದೆ ಗತಿಯಿರಲಿಲ್ಲ, ಹಾಕಿದೆ. ಮನೆಯ ಹೊಸ್ತಿಲು ದಾಟುವ ಮೊದಲೇ ಕಸ್ತೂರಿ ಕಾನೂನು ಓದಿ ಹೇಳಿದಳು: "ಇನ್ನ ಒಂದ ತುತ್ತ ಖಾರ ತಿಂದ್ರಿ ಅಂತ ಗೊತ್ತಾಗ್ಲಿ, ಟ್ರಂಕ ತಗೊಂಡು ಕರಜಗಿಗಿ ಹೋಗ್ತೇನಿ. ಅಪ್ಪಗಳಿಗಿ ಕೊಟ್ಟ ಮಾತು ಮುರಿಯೋರ ಮನ್ಯಾಗ ನಾ ಇರಂಗಿಲ್ಲ."

ಹೆಂಡತಿ ತವರಿಗೆ ಹೋದರೆ ಒಳಗೊಳಗೇ ಖುಷಿಪಡುವ ಗಂಡಂದಿರಿದ್ದಾರೆ. ನಾನು ಆ ಪೈಕಿ ಅಲ್ಲ. ಹಿಂದೊಮ್ಮೆ ಆಕೆ ತಮ್ಮನ ಮದುವೆಗೆಂದು ಕರಜಗಿಗೆ ಹೋದಾಗ ಮನೆ ಎಷ್ಟು ಸುಮ್ಮನಾಗಿತ್ತೆಂದರೆ, ನನ್ನನ್ನು ಬೈಯುವವರಿಲ್ಲದೆ ನನಗೇ ನಾನು ಇದ್ದೇನೋ ಇಲ್ಲವೋ ಎಂಬ ಸಂಶಯ ಬಂದಿತ್ತು. ಆಕೆ ಇಲ್ಲದ ಮನೆ ನನಗೆ ಬೇಡ. ಇದನ್ನು ಆಕೆಯ ಮುಂದೆ ಹೇಳುವ ಧೈರ್ಯ ಮಾತ್ರ ಇವತ್ತಿಗೂ ಬಂದಿಲ್ಲ.

ಅಲ್ಲಿಂದ ಸಪ್ಪೆಯ ಯುಗ ಆರಂಭವಾಯಿತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಹೆಸರುಬೇಳೆ, ರಾತ್ರಿ ಹಾಲು-ಅನ್ನ. ಸೋರೆಕಾಯಿ ಎಂಬ ತರಕಾರಿಗೆ ಎಷ್ಟು ರೂಪಗಳಿವೆಯೋ ಅಷ್ಟೂ ರೂಪದಲ್ಲಿ ನನಗೆ ದರ್ಶನ ಕೊಟ್ಟಿತು. ಕಸ್ತೂರಿ ಎದುರಿಗೆ ಕುಳಿತು ಅದನ್ನೇ ಉಣ್ಣುತ್ತಿದ್ದಳು. (ಆಕೆಗೆ ಅದು ರುಚಿಸುತ್ತಿದೆಯೋ ಇಲ್ಲವೋ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮೇಲೆ ಬರುತ್ತದೆ.)

ಈ ಮರುಭೂಮಿಯಲ್ಲಿ ನನಗಿದ್ದ ಒಂದೇ ನೀರಿನ ಸೆಲೆ ಜೇವರ್ಗಿ. ವಾರಕ್ಕೊಮ್ಮೆ ಅಲ್ಲಿಯ ಗೋದಾಮಿಗೆ ಬೀಜದ ಕೆಲಸಕ್ಕೆ ಹೋಗಬೇಕಾಗುತ್ತಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ಮಾಳಮ್ಮ ಎಂಬಾಕೆಯ ಖಾನಾವಳಿ. ತಗಡಿನ ಚಾವಣಿ, ನಾಲ್ಕು ಮೇಜು, ಗೋಡೆಯ ಮೇಲೆ ಬಸವಣ್ಣನ ಪಟ. ಮೊದಲ ಸಲ ನಾನು ಅಲ್ಲಿಗೆ ಹೋದದ್ದು ಮಜ್ಜಿಗೆ-ಅನ್ನ ಉಣ್ಣಲೆಂದೇ. ಲಿಂಗದಾಣೆ ಎನ್ನುತ್ತಿದ್ದೆ, ಆದರೆ ಆ ಆಣೆಯ ಮೇಲೆ ಆಗಲೇ ಬೇರೆ ಭಾರವಿತ್ತು. ಒಳಗೆ ಎಣ್ಣೆಗಾಯಿಗೆ ಒಗ್ಗರಣೆ ಬಿತ್ತು. ಆ ವಾಸನೆ ಬಂದು ನನ್ನ ಕೈ ಹಿಡಿದು ಕೂರಿಸಿತು.

ಹೇಗೆ ಉಂಡೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಗೋಡೆಗೆ ಮುಖ ಮಾಡಿ, ಬಸವಣ್ಣನ ಪಟಕ್ಕೆ ಬೆನ್ನು ಹಾಕಿ, ಯಾರಾದರೂ ಒಳಗೆ ಬಂದರೆ ತುತ್ತನ್ನು ದವಡೆಯಲ್ಲಿ ಅಡಗಿಸಿ ಉಂಡೆ. ಒಂದು ಕಣ್ಣಿನಲ್ಲಿ ಆನಂದಬಾಷ್ಪ, ಇನ್ನೊಂದರಲ್ಲಿ ಭಯದ ನೀರು. ಹೊಟ್ಟೆ ಉರಿದರೆ ಡಾಕ್ಟರು ನೆನಪಾಗುತ್ತಿದ್ದರು, ಎದೆ ಉರಿದರೆ ಅಪ್ಪಗಳು. ಆಳಂದದ ಕಡೆಯ ಬಸ್ಸಿನ ಹಾರ್ನು ಕೇಳಿದರೆ ಕಸ್ತೂರಿ. ಇಷ್ಟೆಲ್ಲ ಹೆದರಿಕೆಯ ನಡುವೆಯೂ ಒಂದು ಧರ್ಮವನ್ನು ಮಾತ್ರ ನಾನು ಬಿಡಲಿಲ್ಲ. ನಮ್ಮಲ್ಲಿ ಪ್ರಸಾದ ಕೆಡಿಸಬಾರದು, ಉಂಡ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಕೆಂಪಗೆ ಎಣ್ಣೆ ತೇಲುವ ಆ ನೀರನ್ನು ನಾನು ತೀರ್ಥದ ಹಾಗೆ ಕುಡಿದದ್ದನ್ನು ಕಂಡು ಮಾಳಮ್ಮನ ಕರುಳು ಕರಗಿತು. ಅಂದಿನಿಂದ ನನಗಾಗಿ ಹೆಚ್ಚಿನ ಖಾರದ ಪಾಲನ್ನು ಬೇರೆಯೇ ತೆಗೆದಿಡತೊಡಗಿದಳು.

ಕೊನೆಗೆ ಆ ದಿನ ಬಂತು. ಮಾಳಮ್ಮ ಹೊಸ ಮೆಣಸಿನಕಾಯಿಯ ಖಾರ ಅರೆದಿದ್ದಳು. "ಇದರಾಗ ಲವಂಗಿ ಮೆಣಸಿನಕಾಯಿ ಬಿದ್ದಾದ್ರಿ ಸಾಹೇಬ್ರ, ನೋಡಕೊಂಡು ಉಣ್ರಿ" ಎಂದಳು. ನಾನು ನೋಡಿಕೊಳ್ಳಲಿಲ್ಲ, ಬರೀ ಉಂಡೆ. ನೆತ್ತಿಯವರೆಗೆ ಏರಿದ್ದು ನೆತ್ತಿಯಲ್ಲೇ ಕುಳಿತು ಕೆಳಗಿಳಿಯಲು ಒಪ್ಪಲಿಲ್ಲ. ಮಾಳಮ್ಮ ಹೆದರಿ ಒಂದು ಉಂಡೆ ಬೆಲ್ಲವನ್ನು ಕುಬಸದ, ಅಂದರೆ ರವಿಕೆಯ, ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ, "ದಾರ್‍ಯಾಗ ಚೀಪಕೋತ ಹೋಗ್ರಿ" ಎಂದು ನನ್ನ ಅಂಗಿಯ ಕಿಸೆಗೆ ತುರುಕಿದಳು. ಗುಲಬರ್ಗಾ ದಾಟುವ ಹೊತ್ತಿಗೆ ಬೆಲ್ಲ ಮುಗಿದಿತ್ತು, ಬಿಕ್ಕಳಿಕೆ ಶುರುವಾಗಿತ್ತು.

ಮನೆಯ ಹೊರಗೆ ನಿಂತು ಉಸಿರು ಬಿಗಿಹಿಡಿದೆ, ನಿಂತ ಹಾಗಾಯಿತು. ಒಳಗೆ ಕಾಲಿಟ್ಟೆ. "ಹಿಕ್."

"ಯಾರೋ ನೆನಸಾಕತ್ತಾರ ನೋಡ್ರಿ ನಿಮ್ಮನ್ನ," ಎಂದು ಕಸ್ತೂರಿ ನಗುತ್ತಾ ನೀರು ತಂದಳು.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಬಿಕ್ಕಳಿಕೆ ಬಂದರೆ ಯಾರೋ ನೆನೆಯುತ್ತಿದ್ದಾರೆ ಎಂದರ್ಥ. ಒಬ್ಬೊಬ್ಬರ ಹೆಸರು ಹೇಳುತ್ತಾ ಹೋಗಬೇಕು. ಸರಿಯಾದ ಹೆಸರು ಬಂದ ಕೂಡಲೇ ಬಿಕ್ಕಳಿಕೆ ನಿಲ್ಲುತ್ತದೆ.

"ನಮ್ಮ ತಮ್ಮ ಅಣ್ಣಾರಾಯ ಇರಬೇಕು."

"ಹಿಕ್."

"ಅಫಜಲಪುರದ ನಿಮ್ಮ ದೊಡ್ಡವ್ವ?"

"ಹಿಕ್."

ಅಷ್ಟರಲ್ಲಿ ಗೋಡೆಯಾಚೆಯಿಂದ ಹೀರಾಬಾಯಿ ಬಂದೇಬಿಟ್ಟಳು. "ಏನ ಕಸ್ತೂರಕ್ಕಾ, ಅಣ್ಣಾವರ ಬಿಕ್ಕಳಿಕಿ ನಮ್ಮ ಪಡಸಾಲಿ ಮಟಾ ಕೇಳಾಕತ್ತಾದ!" ಎಂದು ಅವಳೂ ಹೆಸರು ಹೇಳತೊಡಗಿದಳು. ಇಬ್ಬರೂ ಸೇರಿ ನಮ್ಮ ಎರಡೂ ವಂಶದ ಬದುಕಿದವರನ್ನು ಮುಗಿಸಿದರು. ಸತ್ತವರಲ್ಲಿಯೂ ಇಬ್ಬರು ಮೂವರನ್ನು ಕರೆದು ನೋಡಿದರು. ಪ್ರತಿ ಹಿಕ್ಕಿಗೂ ನನ್ನ ಬಾಯಿಯಿಂದ ಬೆಳ್ಳುಳ್ಳಿ-ಮೆಣಸಿನಕಾಯಿಯ ವಾಸನೆ ಹೊರಟೀತೆಂದು ನಾನು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಬೀಗರು ಬಿಜ್ಜರು ಎಲ್ಲಾರೂ ಆದ್ರು," ಎಂದಳು ಹೀರಾಬಾಯಿ. "ಅಣ್ಣಾವರು ಇವತ್ತ ಎಲ್ಲಿಗಿ ಹೋಗಿದ್ರು?"

"ಜೇವರ್ಗಿಗಿ."

"ಹಂಗಾದ್ರ ಅಲ್ಲಿ ಯಾವಾಕಿ ಅದಾಳ ಕೇಳ್ರಿ ಅಕ್ಕಾ!"

ಕಸ್ತೂರಿಯೂ ಚೇಷ್ಟೆಗೆ ಕಣ್ಣು ಕುಣಿಸಿ ಕೇಳಿದಳು: "ಏನ್ರಿ, ಜೇವರ್ಗ್ಯಾಗ ಯಾವಾಕಿ ಅದಾಳ?"

ಬಿಕ್ಕಳಿಕೆ ನಿಂತುಬಿಟ್ಟಿತು.

ನಿಂತದ್ದು ಹೆದರಿಕೆಗೆ. ಆದರೆ ಅದನ್ನು ಆ ಇಬ್ಬರಿಗೆ ತಿಳಿಸುವವರು ಯಾರು? ಮೂವರೂ ಕಾದೆವು. ನಾನಂತೂ ಒಂದು ಹಿಕ್ಕಿಗಾಗಿ ಮನೆದೇವರಿಗೆ ಹರಕೆ ಹೊತ್ತೆ. ಸುಳ್ಳುಸುಳ್ಳೇ ಒಂದು ಬಿಕ್ಕಳಿಕೆ ತೆಗೆಯಲು ನೋಡಿದೆ, ಅದು ಬೆಕ್ಕು ಸೀನಿದ ಹಾಗೆ ಕೇಳಿಸಿತು. ಗಾಬರಿಯಲ್ಲಿ ಬೆವರು ಒರೆಸಿಕೊಳ್ಳಲು ಕಿಸೆಯಿಂದ ಕರವಸ್ತ್ರ ಎಳೆದೆ. ಕೈಗೆ ಬಂದದ್ದು ಕರವಸ್ತ್ರವಲ್ಲ. ಹಸಿರು ಅಂಚಿನ ಕುಬಸದ ಬಟ್ಟೆ.

"ಯವ್ವಾ!" ಎಂದಳು ಹೀರಾಬಾಯಿ. ಇಷ್ಟು ಸಂತೋಷವಾಗಿ ಯಾರೂ ಆ ಶಬ್ದವನ್ನು ಉಚ್ಚರಿಸಿದ್ದು ನಾನು ಕೇಳಿಲ್ಲ.

ಕಸ್ತೂರಿ ಕೂಗಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, "ಯಾರದಿದು?" ಎಂದಳು.

ಈಗ ನನ್ನ ಅವಸ್ಥೆ ನೋಡಿ. ಹೆಣ್ಣಿನ ಸಂಬಂಧವಲ್ಲ, ಎಣ್ಣೆಗಾಯಿಯ ಸಂಬಂಧ ಎಂದು ಹೇಳಿದರೆ ಜೋಳಿಗೆಯ ಆಣೆ ಮುರಿದ ಪಾಪಕ್ಕೆ ಆಕೆ ಕರಜಗಿಗೆ ಹೋಗುತ್ತಾಳೆ. ಹೇಳದಿದ್ದರೆ ಸವತಿಯ ಕಾರಣಕ್ಕೆ ಕರಜಗಿಗೆ ಹೋಗುತ್ತಾಳೆ. ಎರಡು ದಾರಿ, ಎರಡೂ ಬಸ್ಸು ಕರಜಗಿಗೇ. ಬಾಯಿಗೆ ಬಂದದ್ದನ್ನು ಹೇಳಿದೆ: "ಅದು... ಮಾಳಮ್ಮಂದು."

"ಹೆಸರೂ ಬಾಯಾಗೇ ಅದ," ಎಂದು ಹೀರಾಬಾಯಿ ಸಾಕ್ಷಿ ನುಡಿದಳು.

"ನಾಳಿ ಮುಂಜಾನಿ ನಾನೂ ಜೇವರ್ಗಿಗಿ ಬರ್ತೇನಿ," ಎಂದಳು ಕಸ್ತೂರಿ. "ಆಕಿನ್ನ ಒಮ್ಮಿ ಕಣ್ಣಾರೆ ನೋಡಿ, ಅಲ್ಲಿಂದ ಹಂಗೇ ಕರಜಗಿಗಿ ಹೋಗ್ತೇನಿ. ನೀವು, ನಿಮ್ಮ ಮಾಳಮ್ಮ ಸುಖವಾಗಿರ್ರಿ."

ಮರುದಿನ ಬಸ್ಸಿನಲ್ಲಿ ಟ್ರಂಕು ನನ್ನ ತೊಡೆಯ ಮೇಲೆ, ಕಸ್ತೂರಿ ಕಿಟಕಿಯ ಕಡೆಗೆ ಮುಖ ಮಾಡಿ. ಆ ಟ್ರಂಕಿನ ತುಕ್ಕು ಹಿಡಿದ ಚಿಲಕವನ್ನು ನೋಡುತ್ತಾ ನನಗೆ ನಿಜವಾಗಿಯೂ ಅಳು ಬಂತು. ಪಾಪ ಬಂದರೆ ಬರಲಿ, ಆಣೆ ಹೋದರೆ ಹೋಗಲಿ ಎಂದು ಬಾಯಿ ತೆರೆದೆ.

"ಕಸ್ತೂರಿ, ನಂದೂ ಆಕಿದೂ ಏನಿಲ್ಲ. ಬರೀ ಊಟದ ಸಂಬಂಧ ಅದ."

"ಹೌದ್ರಿ. ಎಲ್ಲಾರೂ ಊಟದಿಂದನೇ ಸುರು ಮಾಡ್ತಾರ."

ಜೇವರ್ಗಿ ಬರುವವರೆಗೆ ನಾನು ಚಿಲಕದ ತುಕ್ಕು ಕೆರೆಯುತ್ತಾ ಕುಳಿತೆ.

ಖಾನಾವಳಿಯ ಬಾಗಿಲಲ್ಲಿ ಕಸ್ತೂರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. "ಮಾಳಮ್ಮ ಅಂದ್ರ ಯಾರಿಲ್ಲಿ?"

ಹೊಗೆಯೊಳಗಿಂದ ಮಾಳಮ್ಮ ಹೊರಬಂದಳು. ಅರವತ್ತು ದಾಟಿದ ಜೀವ, ಹಣೆಯ ತುಂಬ ವಿಭೂತಿ, ಬಾಯಲ್ಲಿ ಮುಂದಿನ ಹಲ್ಲಿಲ್ಲ, ಒನಕೆಯಂಥ ತೋಳು. ಕಸ್ತೂರಿ ಆಕೆಯ ಹಿಂದೆ ಇನ್ನೂ ಯಾರಾದರೂ ಮಾಳಮ್ಮ ಇದ್ದಾಳೇನೋ ಎಂದು ಇಣುಕಿ ನೋಡಿದಳು. ಯಾರೂ ಇರಲಿಲ್ಲ. ನನ್ನ ಹೆಂಡತಿಯ ಹೆಗಲು ಅರ್ಧ ಗೇಣು ಇಳಿದದ್ದನ್ನು ನಾನು ನೋಡಿದೆ. ಬದುಕಿದೆ ಎಂದುಕೊಂಡೆ. ಆ ಕ್ಷಣದಲ್ಲೇ ಮಾಳಮ್ಮ ನನ್ನನ್ನು ಮುಳುಗಿಸಿದಳು.

"ಬರ್ರಿ ಸಾಹೇಬ್ರ! ನಿನ್ನಿ ನೆತ್ತಿಗೇರಿದ ಖಾರ ಇಳೀತೇನ್ರಿ? ಪ್ರತಿ ವಾರದಂಗ ಇವತ್ತೂ ನಿಮ್ಮ ಪಾಲಿನ ಖಾರದ್ದು ಬ್ಯಾರೆ ತೆಗೀತೇನ್ರಿ. ಇಡೀ ಜೇವರ್ಗ್ಯಾಗ ನಿಮ್ಮಷ್ಟು ಖಾರ ತಿನ್ನೋ ಗಂಡಸ ನಾ ನೋಡಿಲ್ಲ!"

ಇಂಥ ಬಿರುದು ಮತ್ತೆಲ್ಲಾದರೂ ಸಿಕ್ಕಿದ್ದರೆ ಮೆರವಣಿಗೆ ಮಾಡಿಸಿಕೊಳ್ಳುತ್ತಿದ್ದೆ. ಕಸ್ತೂರಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆಕೆಗೆ ಎಲ್ಲವೂ ತಿಳಿದುಹೋಗಿತ್ತು.

"ಹೌದೇನ್ರಿ?" ಎಂದಳು. "ಪ್ರತಿ ವಾರಾನೂ?"

ನಾನು ಬಸವಣ್ಣನ ಪಟ ನೋಡಿದೆ. ಅಲ್ಲಿಂದಲೂ ಯಾವ ಸಹಾಯವೂ ಬರಲಿಲ್ಲ.

"ಕುಂಡ್ರವ್ವಾ ತಂಗಿ," ಎಂದು ಮಾಳಮ್ಮ ಆಕೆಯ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. "ದೂರದಿಂದ ಬಂದೀದಿ. ಜಗಳ ಆಡೋದಿದ್ರ ಉಂಡು ಆಡು. ಹಸದ ಹೊಟ್ಟ್ಯಾಗ ಮಾತು ಖಾರ ಆಗ್ತಾವ." ಎರಡು ತಾಟು ಬಂದವು. ನನ್ನ ತಾಟಿಗೆ ಎಣ್ಣೆಗಾಯಿ ಬೀಳುವ ಮೊದಲೇ ಕಸ್ತೂರಿ ಕೈ ಅಡ್ಡ ಹಿಡಿದಳು.

"ಅವರಿಗಿ ಮಜ್ಜಿಗಿ-ಅನ್ನ ಹಾಕ್ರಿ ಅಕ್ಕಾ. ಅವರ ಪಾಲಿಂದು ನನಗ ಹಾಕ್ರಿ."

ಆಕೆ ಮೊದಲ ತುತ್ತು ಬಾಯಿಗಿಟ್ಟಳು. ಕಿವಿ ಕೆಂಪಾಯಿತು. ಎರಡನೆಯದು, ಮೂಗು. ಮೂರನೆಯ ತುತ್ತಿಗೆ ಕಣ್ಣಿಂದ ನೀರು ಇಳಿದು ಗಲ್ಲದ ಮೇಲೆ ಹರಿಯಿತು. ಆಕೆ ಒರೆಸಿಕೊಳ್ಳಲಿಲ್ಲ, ನಿಲ್ಲಿಸಲೂ ಇಲ್ಲ. ನನಗೆ ಹೆದರಿಕೆಯಾಯಿತು.

"ಕಸ್ತೂರಿ, ಸಾಕ್ ಬಿಡು. ಭಾಳ ಖಾರ ಅದ."

"ನಮ್ಮವ್ವ ಎಣ್ಣಿಗಾಯಿ ಹಿಂಗೇ ಮಾಡ್ತಿದ್ಳು," ಎಂದಳು ಆಕೆ, ನನಗಲ್ಲ, ಮಾಳಮ್ಮನಿಗೆ. "ಬ್ಯಾಸಗಿಯಿಂದ ಬರೀ ಸೋರಿಕಾಯಿ ಉಂಡೇನ್ರಿ ಅಕ್ಕಾ. ಇವರ ಮುಂದ ನಾ ಖಾರ ತಿಂದ್ರ ಇವರ ಜೀವ ತಡೀತದೇನು ಅಂತ ಹೇಳಿ, ಡಬ್ಬೀನ ಮನ್ಯಾಗಿಂದ ತಗದೆ. ಇವರು ನೋಡಿದ್ರ ಇಲ್ಲಿ ಕುಂತು..." ಮುಂದಿನ ಮಾತನ್ನು ರೊಟ್ಟಿಯ ಜೊತೆಗೆ ನುಂಗಿದಳು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಕಸ್ತೂರಿ ಇನ್ನೊಂದು ರೊಟ್ಟಿ ಕೇಳಿದಳು, ಮತ್ತೊಂದು ಕೇಳಿದಳು. ಕೊನೆಗೆ ತಾಟಿಗೆ ನೀರು ಹಾಕಿ, ತೊಳೆದು, ಆ ಕೆಂಪು ನೀರನ್ನು ಒಂದೇ ಗುಟುಕಿಗೆ ಕುಡಿದು, "ಶರಣ್ರಿ" ಎಂದಳು. ಮಾಳಮ್ಮ ಆಕೆಯ ಬೆನ್ನು ತಟ್ಟಿ, "ಜೋಡಿ ಅಂದ್ರ ಹಿಂಗಿರಬೇಕು" ಎಂದಳು. ಆಮೇಲೆ ಇಬ್ಬರೂ ಒಳಗೆ ಹೋಗಿ ಬಹಳ ಹೊತ್ತು ಏನೋ ಮಾತಾಡಿದರು. ನಾನು ಹೊರಗೆ ಟ್ರಂಕು ಕಾಯುತ್ತಾ ಕುಳಿತೆ. ನಡುವೆ ಒಮ್ಮೆ ಅದನ್ನೂ ಒಳಗೆ ತರಿಸಿಕೊಂಡರು.

ಬಸ್‌ಸ್ಟ್ಯಾಂಡಿನಲ್ಲಿ ಅಫಜಲಪುರದ ಬಸ್ಸು ನಿಂತಿತ್ತು. ಕರಜಗಿಗೆ ಹೋಗುವವರು ಅದನ್ನೇ ಹತ್ತಬೇಕು. ನಾನು ಟ್ರಂಕನ್ನು ಎದೆಗವಚಿಕೊಂಡು ನಿಂತೆ. ಕಸ್ತೂರಿ ಆ ಬಸ್ಸನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಗುಲಬರ್ಗಾದ ಬಸ್ಸಿನ ಕಡೆ ನಡೆದಳು.

"ಕರಜಗಿಗಿ ಹೋಗಂಗಿಲ್ಲಾ?" ಎಂದೆ.

"ಹೆಣ್ಣಿನ ಹಿಂದ ಹೋಗಿದ್ರ ಹೋಗ್ತಿದ್ದೆ. ಬದನಿಕಾಯಿ ಹಿಂದ ಹೋದವರನ್ನ ಬಿಟ್ಟು ಹೋದ್ರ ಮಂದಿ ನನಗೇ ನಗ್ತಾರ. ಅಪ್ಪಗಳ ಮುಂದ ಅಡ್ಡ ಬಿದ್ದು ತಪ್ಪಾತು ಅಂತ ನೀವೇ ಹೇಳ್ರಿ. ನಡ್ರಿ, ಟ್ರಂಕ ತಗೋರಿ."

ಟ್ರಂಕು ಬರುವಾಗಿನದಕ್ಕಿಂತ ಭಾರವಾಗಿತ್ತು. ನನ್ನ ಸಂತೋಷದಲ್ಲಿ ಅದು ಏಕೆಂದು ಯೋಚಿಸಲಿಲ್ಲ. ಮನೆಗೆ ಬಂದು ಆಕೆ ಅದನ್ನು ತೆರೆದಾಗ ಸೀರೆಗಳ ನಡುವೆ ಒಂದು ದೊಡ್ಡ ಭರಣಿ. ಮುಚ್ಚಳ ತೆಗೆದರೆ ಮಾಳಮ್ಮನ ಕೈಯ ಕೆಂಪು ಖಾರ! ನನ್ನ ಕಣ್ಣು ತುಂಬಿ ಬಂತು. ಹೆಂಡತಿಯೆಂದರೆ ಇಂಥವಳು, ಬೈದರೂ ಕರುಳು ಬಿಡುವುದಿಲ್ಲ. ಡಾಕ್ಟರರು ಎರಡು ಮಾತು ಹೆಚ್ಚಾಗಿಯೇ ಹೇಳಿರುತ್ತಾರೆ, ಅಪ್ಪಗಳೂ ದಯಾವಂತರು. ಸಂಜೆ ಒಲೆಯ ಮೇಲೆ ಎಣ್ಣೆಗಾಯಿ ಕುದಿಯಿತು. ಓಣಿಯ ನಾಯಿಗಳು ಎಷ್ಟೋ ದಿನಗಳ ಮೇಲೆ ಸೀನಿದವು. ನಾನು ಕೈಕಾಲು ತೊಳೆದು, ವಿಭೂತಿ ಧರಿಸಿ, ತಾಟಿನ ಮುಂದೆ ಕುಳಿತೆ.

ನನ್ನ ತಾಟಿಗೆ ಹಾಲು-ಅನ್ನ ಬಿತ್ತು.

"ಮತ್ತ ಅದು?" ಎಂದೆ, ಒಲೆಯ ಕಡೆ ಕೈ ತೋರಿಸಿ.

"ಅದು ನನಗ. ಜೋಳಿಗಿಗಿ ಖಾರ ಹಾಕಿದವರು ನೀವ್ರಿ. ನಾ ಏನ ಹಾಕೀನಿ?" ಎಂದು ನನ್ನೆದುರೇ ಚಕ್ಕಳಬಕ್ಕಳ ಹಾಕಿ ಕುಳಿತು ರೊಟ್ಟಿ ಮುರಿದಳು. "ನಿಮ್ಮ ಸಲುವಾಗಿ ಬಾಯಿ ಕಟ್ಟಿದ್ದು ಸಾಕಾತು. ಇನ್ನ ಮ್ಯಾಲ ವಾರಕ್ಕೊಮ್ಮಿ ಜೇವರ್ಗಿಗಿ ನಾನೂ ಬರ್ತೇನಿ. ನೀವು ಗೋದಾಮಿಗಿ, ನಾ ಮಾಳಮ್ಮಕ್ಕನ ಕಡೆ."

ಹೀಗೆ ನಮ್ಮ ಮನೆಗೆ ಖಾರ ಮರಳಿ ಬಂತು, ನನ್ನ ತಾಟಿನವರೆಗೆ ಮಾತ್ರ ಬರಲಿಲ್ಲ. ಒಂದು ದಿನ ನಾಚಿಕೆ ಬಿಟ್ಟು, "ತಾಟ ತೊಳದ ನೀರರೆ ಕೊಡ, ಪ್ರಸಾದ ಅಂತ ಕುಡೀತೇನಿ" ಎಂದು ಕೇಳಿದೆ. ಆಕೆ ನನ್ನ ಮುಖ ನೋಡುತ್ತಲೇ ಅದನ್ನು ತಾನೇ ಕುಡಿದಳು.

ನಿನ್ನೆಯೂ ಅದೇ ಎಣ್ಣೆಗಾಯಿ. ನಾನು ಹಾಲು-ಅನ್ನ ಕಲೆಸುತ್ತಾ ಆಕೆಯ ತಾಟಿನ ಅಂಚಿನಲ್ಲಿ ತೇಲುತ್ತಿದ್ದ ಎಣ್ಣೆಯನ್ನೇ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಕಸ್ತೂರಿಗೆ ಬಿಕ್ಕಳಿಕೆ ಶುರುವಾಯಿತು.

"ಯಾರೋ ನೆನಸಾಕತ್ತಾರ... ಹಿಕ್... ಹೆಸರ ಹೇಳ್ರಿ ಲಗೂ!"

ಅಣ್ಣಾರಾಯನ ಹೆಸರು ಹೇಳಿದೆ, ನಿಲ್ಲಲಿಲ್ಲ. ಮಾಳಮ್ಮನ ಹೆಸರು ಹೇಳಿದೆ, ನಿಲ್ಲಲಿಲ್ಲ. ಹೀರಾಬಾಯಿಯದನ್ನೂ ಹೇಳಿ ನೋಡಿದೆ. ನಿಲ್ಲುವುದಾದರೂ ಹೇಗೆ? ನೆನೆಯುತ್ತಿದ್ದವನು ಎದುರಿಗೇ ಕುಳಿತಿದ್ದ. ಅವನು ನೆನೆಯುತ್ತಿದ್ದುದು ಆಕೆಯನ್ನಲ್ಲ, ಆಕೆಯ ತಾಟಿನಲ್ಲಿದ್ದ ಬದನೆಕಾಯಿಯನ್ನು. ಆದರೆ ಈ ಸತ್ಯವನ್ನು ಹೇಳುವ ಧೈರ್ಯ ಯಾರಿಗಿದೆ? ಟ್ರಂಕು ಇನ್ನೂ ಅಟ್ಟಕ್ಕೆ ಏರಿಲ್ಲ, ಮಂಚದ ಕೆಳಗೇ ಇದೆ. ನಾನು ತಲೆ ತಗ್ಗಿಸಿ ಕರಜಗಿಯ ಕಡೆಯ ಇನ್ನೊಬ್ಬ ಸೋದರಮಾವನ ಹೆಸರು ಹುಡುಕತೊಡಗಿದೆ.